ಮೇಲಿನಿಂದ ಕಂಡ ಸಂತೆ

ಬಾಗಲಕೋಟೆ ಜಿಲ್ಲೆಯ ಅಮೀನಗಡದ ಮೇಲೆ ಒಂದು ಡ್ರೋನ್ ಹಾರಿಸಿ, ಅದರ ಕ್ಯಾಮೆರಾವನ್ನು ನೆಟ್ಟಗೆ ಕೆಳಮುಖ ಮಾಡಿ ನೋಡಿದರೆ ಊರಿನ ಗುರುತೇ ಹತ್ತುವುದಿಲ್ಲ. ಕರದಂಟಿನ ಅಂಗಡಿಗಳ ದೊಡ್ಡ ದೊಡ್ಡ ಬೋರ್ಡುಗಳು ಮಾಯವಾಗಿ, ತಗಡಿನ ಚಪ್ಪರಗಳು, ಸಿಮೆಂಟಿನ ತಾರಸಿಗಳು, ನಡುನಡುವೆ ಹಳೆಯ ಮಾಳಿಗೆ ಮನೆಗಳ ಬೆಳಕಿಂಡಿಗಳು ಮಾತ್ರ ಉಳಿಯುತ್ತವೆ. ಬಸ್ಸು ಒಂದು ಉದ್ದನೆಯ ಆಯತ. ಎತ್ತಿಗೆ ಕಾಲಿಲ್ಲ. ಸಂತೆಗೆ ಬಂದ ಹೆಣ್ಣುಮಗಳು ಇಳಕಲ್ ಸೀರೆ ಉಟ್ಟು ತಲೆ ಮೇಲೆ ಸೆರಗು ಹೊದ್ದಿದ್ದರೆ ಕಾಣುವುದು ಕೆಂಪು ಸೆರಗೊಂದೇ. ಅದರ ಮೇಲೆ ಬುಟ್ಟಿ ಹೊತ್ತಳೋ, ಸೆರಗೂ ಹೋಯಿತು. ಈಗ ಆಕೆ ನಡೆಯುವ ಬುಟ್ಟಿ.

ನೆಲದ ಮೇಲೆ ನಿಂತು ನಾವು ಪ್ರಾಣಿಯನ್ನೋ ಮನುಷ್ಯನನ್ನೋ ಗುರುತಿಸುವುದು ಮುಖ, ಕಾಲು, ನಿಲುವುಗಳಿಂದ. ಇವೆಲ್ಲ ಎತ್ತರಕ್ಕೆ ಸೇರಿದ ಸಂಗತಿಗಳು. ಮೇಲಿನಿಂದ ನೋಡಿದಾಗ ಎತ್ತರವೇ ಅಳಿಸಿಹೋಗುತ್ತದೆ. ಹಾಗಿದ್ದರೆ ಮೇಲಿನಿಂದ ಕಂಡ ಹಾಗೆ ಚಿತ್ರ ಬರೆದು, ಅದನ್ನು ಪರದೆಯ ಮೇಲೆ ಓಡಾಡಿಸಬೇಕು ಎಂದುಕೊಂಡವರು ಏನನ್ನು ಬರೆಯಬೇಕು, ಏನನ್ನು ಬಿಡಬೇಕು?

ಕೆಲಸ ಸಣ್ಣದೇ ಇರಲಿ. ಅಮೀನಗಡದ ವಾರದ ಸಂತೆಗೆ ಒಂದು ಕುರಿಹಿಂಡು ಬರುತ್ತದೆ. ಸಂತೆಯ ಪಕ್ಕದ ರಸ್ತೆಯಿಂದ ಬಸ್ಸೊಂದು ನೈಋತ್ಯಕ್ಕೆ, ಐಹೊಳೆಯ ಕಡೆಗೆ ಹೊರಡುತ್ತದೆ. ಐಹೊಳೆಯಲ್ಲಿ ಇಳಿದವರೊಬ್ಬರು ದುರ್ಗ ದೇವಾಲಯಕ್ಕೆ ಒಂದು ಪ್ರದಕ್ಷಿಣೆ ಹಾಕುತ್ತಾರೆ. ಶಾಲೆಯ ಕಂಪ್ಯೂಟರಿನಲ್ಲೂ ಮಾಡಬಹುದಾದಷ್ಟು ಸರಳ ಅನಿಮೇಶನ್ ಇದು. ಕುರಿಗೊಂದು, ಬಸ್ಸಿಗೊಂದು, ಮನುಷ್ಯನಿಗೊಂದು ಚಿತ್ರ. ಪ್ರತಿಯೊಂದಕ್ಕೂ ಪರದೆಯ ಮೇಲೆ ಎಳೆದ ಒಂದು ಗೆರೆ. ಆ ಗೆರೆಯೇ ಚಲನಪಥ, ಚಿತ್ರ ಅದರ ಗುಂಟ ಸಾಗುತ್ತದೆ.

ಇಂಥ ಕೆಲಸಕ್ಕೆ ಕೂತವರಲ್ಲಿ ಹೆಚ್ಚಿನವರು ಮುಕ್ಕಾಲು ಹೊತ್ತನ್ನು ಚಿತ್ರಕ್ಕೇ ಕೊಡುತ್ತಾರೆ. ಬಸ್ಸಿನ ಕಿಟಕಿ, ಕುರಿಯ ಉಣ್ಣೆಯ ಸುರುಳಿ, ಕಲ್ಲಿನ ಗೀರು ಎಲ್ಲವನ್ನೂ ತುಂಬುತ್ತಾರೆ. ಪಥವನ್ನು ಕೊನೆಗೆ ಎರಡು ನಿಮಿಷದಲ್ಲಿ ಎಳೆದು ಮುಗಿಸುತ್ತಾರೆ. ನನ್ನ ಮಟ್ಟಿಗೆ ಇದು ತಿರುವುಮುರುವಾಗಬೇಕು. ಚಿತ್ರದಲ್ಲಿ ಎಷ್ಟು ಕಡಿಮೆ ಇದ್ದರೂ ನಡೆಯುತ್ತದೆ, ಚಲನೆ ನಿಜವಾಗಿರಬೇಕು. ಇದು ಬರೀ ಅಭಿರುಚಿಯ ಮಾತಲ್ಲ, ನಮ್ಮ ಕಣ್ಣು ಮತ್ತು ಮಿದುಳು ಕೆಲಸ ಮಾಡುವ ಬಗೆಯೇ ಹಾಗಿದೆ.

1944ರಲ್ಲಿ ಅಮೆರಿಕದ ಫ್ರಿಟ್ಜ್ ಹೈಡರ್ ಮತ್ತು ಮೇರಿಯಾನ್ ಸಿಮ್ಮೆಲ್ ಎಂಬ ಇಬ್ಬರು ಮನೋವಿಜ್ಞಾನಿಗಳು ಒಂದು ಪುಟ್ಟ ಚಲನಚಿತ್ರ ತಯಾರಿಸಿ ವಿದ್ಯಾರ್ಥಿಗಳಿಗೆ ತೋರಿಸಿದರು. ಅದರಲ್ಲಿದ್ದದ್ದು ಒಂದು ದೊಡ್ಡ ತ್ರಿಕೋನ, ಒಂದು ಸಣ್ಣ ತ್ರಿಕೋನ, ಒಂದು ಬಿಲ್ಲೆ, ಮತ್ತು ತೆರೆದು ಮುಚ್ಚುವ ಒಂದು ಬದಿಯುಳ್ಳ ಆಯತ. ಇಷ್ಟೇ. ನೋಡಿದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಒಂದು ಕತೆ ಹೇಳಿದರು: ದೊಡ್ಡವನು ಬೆದರಿಸುತ್ತಾನೆ, ಚಿಕ್ಕವನು ಎದುರು ನಿಲ್ಲುತ್ತಾನೆ, ಮೂರನೆಯದು ಹೆದರಿ ಮನೆಯೊಳಗೆ ಅಡಗುತ್ತದೆ. ಆಯತವನ್ನು ಮನೆ ಎಂದೂ ಅದರ ತೆರೆಯುವ ಬದಿಯನ್ನು ಬಾಗಿಲು ಎಂದೂ ಅವರು ಓದಿಕೊಂಡದ್ದನ್ನು ಗಮನಿಸಿ. ಮನೆ ಕಟ್ಟುವಾಗ ಮೇಸ್ತ್ರಿ ಬಿಚ್ಚಿ ತೋರಿಸುವ ಪ್ಲ್ಯಾನಿನಲ್ಲಿ ಮನೆ ಇರುವುದು ಹಾಗೆಯೇ. ಯಾರೂ ಹೇಳಿಕೊಡದೆ ಅವರು ಮೇಲಿನಿಂದ ನೋಡತೊಡಗಿದ್ದರು. ಮುಖವಿಲ್ಲದ, ಕಾಲಿಲ್ಲದ ಆಕಾರಗಳಿಗೆ ಜೀವ ತುಂಬಿದ್ದು ಅವು ಸಾಗಿದ ದಾರಿ, ನಿಂತ ಜಾಗ, ತಿರುಗಿದ ವೇಗ.

1973ರಲ್ಲಿ ಸ್ವೀಡನ್ನಿನ ಗುನ್ನಾರ್ ಯೋಹಾನ್ಸನ್ ಇದನ್ನು ಇನ್ನೊಂದು ದಿಕ್ಕಿನಿಂದ ತೋರಿಸಿಕೊಟ್ಟರು. ಕತ್ತಲಲ್ಲಿ ನಡೆಯುವ ಮನುಷ್ಯನ ಕೀಲುಗಳಲ್ಲಿ ಮಾತ್ರ ಬೆಳಕಿನ ಚುಕ್ಕೆಗಳು. ನಿಂತಾಗ ಅವು ಅರ್ಥವಿಲ್ಲದ ಚುಕ್ಕೆಗಳೇ. ಹೆಜ್ಜೆ ಎತ್ತಿದ್ದೇ ತಡ, ನೋಡುವವರಿಗೆ ಮನುಷ್ಯ ಕಾಣುತ್ತಾನೆ.

ಇನ್ನು ಸಂತೆಗೆ ಬರೋಣ. ಕಡಿಮೆ ಬರೆದರೆ ಸಾಕು ಎಂದ ಮೇಲೆ, ಆ ಕಡಿಮೆ ಯಾವುದು?

ಕುರಿಯನ್ನೂ ಕುರಿಗಾರನನ್ನೂ ಅಕ್ಕಪಕ್ಕ ನಿಲ್ಲಿಸಿ ಮೇಲಿನಿಂದ ನೋಡಿ. ಕುರಿಯ ಮೈ ಮೂತಿಯಿಂದ ಬಾಲದವರೆಗೆ ಹತ್ತಿರಹತ್ತಿರ ಒಂದು ಮೀಟರ್, ಅಗಲ ಅದರ ಮೂರನೇ ಒಂದು ಭಾಗದಷ್ಟು. ನಾಲ್ಕು ಕಾಲಿನ ಪ್ರಾಣಿ ಯಾವತ್ತೂ ತನ್ನ ಉದ್ದಕ್ಕೆ ನಡೆಯುತ್ತದೆ. ಮನುಷ್ಯ ಹಾಗಲ್ಲ. ಅವನ ಹೆಗಲಿನ ಅಗಲ ಸುಮಾರು 45 ಸೆಂಟಿಮೀಟರ್, ಎದೆಯಿಂದ ಬೆನ್ನಿಗೆ ಸುಮಾರು 25 ಸೆಂಟಿಮೀಟರ್. ಮೇಲಿನಿಂದ ಅವನೂ ಒಂದು ದೀರ್ಘವೃತ್ತವೇ, ಆದರೆ ಅವನು ನಡೆಯುವುದು ತನ್ನ ಅಡ್ಡಕ್ಕೆ. ಎರಡು ಕಾಲಿನ ಮೇಲೆ ಎದ್ದು ನಿಂತ ಪ್ರಾಣಿಯ ಇಡೀ ಇತಿಹಾಸ ಈ ಒಂದು ವ್ಯತ್ಯಾಸದಲ್ಲಿದೆ. ಹೀಗಾಗಿ ಬರೀ ಎರಡು ದೀರ್ಘವೃತ್ತ ಬರೆದು, ಒಂದನ್ನು ಉದ್ದಕ್ಕೂ ಇನ್ನೊಂದನ್ನು ಅಡ್ಡಕ್ಕೂ ಸಾಗಿಸಿದರೆ ಸಾಕು, ಯಾವುದು ಕುರಿ, ಯಾರು ಕುರಿಗಾರ ಎಂದು ಮಗುವೂ ಹೇಳುತ್ತದೆ. ದೀರ್ಘವೃತ್ತದ ನಡುವೆ ಬಿಳಿಯ ಸಣ್ಣ ದುಂಡು ಇಟ್ಟರೆ ಅದು ಅವನ ಪಟಕ. ಒಂದು ಹೆಗಲಿನ ಮೇಲೆ ಕರಿಯ ಪಟ್ಟಿ ಎಳೆದರೆ ಕಂಬಳಿ. ಇನ್ನು ಹೆಚ್ಚಿಗೆ ಬೇಕಿಲ್ಲ.

ಕುರಿಗೆ ತಲೆ ಬೇಕೇಬೇಕು, ಏಕೆಂದರೆ ದೀರ್ಘವೃತ್ತಕ್ಕೆ ಹಿಂದು ಮುಂದು ಇಲ್ಲ. ಮೇಲಿನಿಂದ ಕಂಡ ಚಿತ್ರ ಮಾಡಲೇಬೇಕಾದ ಮೊದಲ ಕೆಲಸ ತನ್ನ ಮುಂಭಾಗವನ್ನು ಹೇಳುವುದು. ಕುರಿಗೆ ಚೂಪಾದ ಮೂತಿ ಮತ್ತು ಎರಡು ಕಡೆಗೆ ಚಾಚಿದ ಕಿವಿ, ಟಗರಾದರೆ ಕಿವಿಯ ಬದಲು ಸುರುಳಿ ಕೊಂಬು, ಎತ್ತಿಗೆ ಉದ್ದ ಕೊಂಬು ಮತ್ತು ಬೆನ್ನಿನ ಮೇಲಿನ ಇಣಿ. ಬಸ್ಸಿಗೆ ಮುಂದಿನ ಗಾಜಿನ ಕಪ್ಪು ಪಟ್ಟಿ. ಮೂರು ಗಾಲಿಯ ಟಂಟಂಗೆ ಅದರ ಆಕಾರವೇ ಸಾಕು, ಮುಂದೆ ಕಿರಿದು, ಹಿಂದೆ ಅಗಲ. ಸಂತೆಯಲ್ಲಿ ಕೊಂಡ ಕುರಿಯ ಬೆನ್ನಿಗೆ ವ್ಯಾಪಾರಿಗಳು ಬಣ್ಣದ ಗುರುತು ಹಾಕುವುದುಂಟು. ನಮ್ಮ ಚಿತ್ರಕ್ಕೆ ಅದು ಭಾಗ್ಯವೇ ಸರಿ: ಬೆನ್ನ ಮೇಲಿನ ಗುರುತು ಆಕಾಶದಿಂದಲೇ ಚೆನ್ನಾಗಿ ಕಾಣುತ್ತದೆ, ನೂರು ಕುರಿಗಳ ನಡುವೆ ಒಂದನ್ನು ಹಿಂಬಾಲಿಸಲು ಕಣ್ಣಿಗೆ ಆಸರೆಯಾಗುತ್ತದೆ.

ಡ್ರೋನ್ ಫೋಟೋ ಇಟ್ಟುಕೊಂಡು ಅದರ ಮೇಲೆ ಗೆರೆ ಎಳೆದರೆ ಆಗದೇ ಎಂದು ಕೇಳಬಹುದು. ಆಗುತ್ತದೆ, ಫೋಟೋದ ನಟ್ಟನಡುವೆ ಇರುವ ವಸ್ತುವಿಗೆ ಮಾತ್ರ. ಅಂಚಿಗೆ ಹೋದಂತೆ ಕ್ಯಾಮೆರಾ ಓರೆಯಾಗಿ ನೋಡುತ್ತದೆ. ಅಂಚಿನ ಬಸ್ಸಿನ ಪಕ್ಕದ ಕಿಟಕಿಗಳೂ ಕಾಣುತ್ತವೆ, ನೀರಿನ ಟ್ಯಾಂಕಿ ಹೊರಕ್ಕೆ ವಾಲಿದಂತಿರುತ್ತದೆ. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಕರ್ನಾಟಕದ ಹಳ್ಳಿಗಳ ಮನೆ–ಹಿತ್ತಲುಗಳನ್ನು ಡ್ರೋನ್ ಹಾರಿಸಿ ಅಳೆದಾಗಲೂ, ಒಂದರ ಮೇಲೊಂದು ಬರುವಂತೆ ತೆಗೆದ ಅನೇಕ ಫೋಟೋಗಳನ್ನು ಲೆಕ್ಕ ಹಾಕಿ ಸರಿಪಡಿಸಿ, ಪ್ರತಿ ಬಿಂದುವನ್ನೂ ನೇರ ಮೇಲಿನಿಂದ ಕಂಡಂತೆ ಮಾಡಿದ ಮೇಲೆಯೇ ಅದು ನಕ್ಷೆ ಆಗುವುದು. ಚಲಿಸುವ ಚಿತ್ರಕ್ಕೆ ಈ ನಿಯಮ ಇನ್ನೂ ಕಟ್ಟುನಿಟ್ಟು. ಬಸ್ಸಿನ ಎಡಪಕ್ಕ ಕಾಣುವ ಫೋಟೋವನ್ನು ಕತ್ತರಿಸಿ ಓಡಿಸಿದಿರಿ ಎನ್ನಿ. ಬಸ್ಸು ಪರದೆಯ ಈ ತುದಿಯಿಂದ ಆ ತುದಿಗೆ ಹೋದರೂ ಎಡಪಕ್ಕವೇ ಕಾಣುತ್ತಿರುತ್ತದೆ, ನೋಡುವವರಿಗೆ ಬಸ್ಸು ಒಂದು ಪಕ್ಕಕ್ಕೆ ಮಗುಚಿ ಓಡುತ್ತಿರುವಂತೆ ಅನ್ನಿಸುತ್ತದೆ.

ಅಳತೆಯೂ ಒಂದು ದೊಡ್ಡ ಮಾತು. ಸಾರಿಗೆ ಸಂಸ್ಥೆಯ ಬಸ್ಸು ಸುಮಾರು 11 ಮೀಟರ್ ಉದ್ದ, 2.5 ಮೀಟರ್ ಅಗಲ. 1920 ಪಿಕ್ಸೆಲ್ ಅಗಲದ ಪರದೆಯಲ್ಲಿ ಸಂತೆ ಮೈದಾನದ 96 ಮೀಟರನ್ನು ತೋರಿಸಿದರೆ ಒಂದು ಮೀಟರಿಗೆ 20 ಪಿಕ್ಸೆಲ್ ಬರುತ್ತದೆ. ಕುರಿ 20 ಪಿಕ್ಸೆಲ್, ಬಸ್ಸು 220. ಚೆಂದವಾಗಿ ಕಾಣುತ್ತದೆ. ಅದೇ ಪರದೆಯಲ್ಲಿ ಅಮೀನಗಡದಿಂದ ಐಹೊಳೆಯವರೆಗಿನ ಸುಮಾರು ಹತ್ತು ಕಿಲೋಮೀಟರ್ ದಾರಿಯನ್ನು ತುಂಬಿಸಿದರೆ ಒಂದು ಪಿಕ್ಸೆಲ್ಲಿಗೆ ಐದು ಮೀಟರಿಗಿಂತ ಹೆಚ್ಚು, ಬಸ್ಸು ಎರಡು ಪಿಕ್ಸೆಲ್ಲಿನ ಧೂಳಿನ ಕಣ. ಇಸ್ರೋ 2005ರಲ್ಲಿ ಹಾರಿಸಿದ ಕಾರ್ಟೋಸ್ಯಾಟ್-1 ಉಪಗ್ರಹದ ಕಣ್ಣು 2.5 ಮೀಟರಿನದು. ಅದಕ್ಕೆ ಬಸ್ಸು ನಾಲ್ಕೈದು ಚುಕ್ಕೆ, ಕುರಿ ಏನೂ ಅಲ್ಲ. ಹಾಗಾಗಿ ಊರಿನಿಂದ ಊರಿಗೆ ಹೋಗುವ ದೃಶ್ಯದಲ್ಲಿ ಬಸ್ಸಿನ ಚಿತ್ರವನ್ನು ಐವತ್ತು ಪಟ್ಟು ಹಿಗ್ಗಿಸಲೇಬೇಕು. ಹಿಗ್ಗಿಸಿದ ಬಸ್ಸಿಗೆ ನಿಜವಾದ ರಸ್ತೆಯ ಪ್ರತಿ ಸಣ್ಣ ತಿರುವನ್ನೂ ಕೊಡಬಾರದು. ಕೊಟ್ಟರೆ ಅದು ತನ್ನ ಮೈಗಿಂತ ಸಣ್ಣ ಬಾಗಿನಲ್ಲಿ ಸಿಕ್ಕಿ ನಡುಗುತ್ತದೆ. ಚಿತ್ರ ದೊಡ್ಡದಾದಷ್ಟೂ ಪಥ ಸರಳವಾಗಬೇಕು.

ಈಗ ತಿರುವಿನ ವಿಷಯ. ಪಥದ ಗುಂಟ ಸಾಗುವ ಚಿತ್ರ ಆಯಾ ಕ್ಷಣದಲ್ಲಿ ಪಥ ಯಾವ ಕಡೆ ಮುಖ ಮಾಡಿದೆಯೋ ಆ ಕಡೆ ತಿರುಗಬೇಕು. ಗಣಿತದಲ್ಲಿ ಇದು ವಕ್ರರೇಖೆಯ ಸ್ಪರ್ಶಕದ ದಿಕ್ಕು. ತಂತ್ರಾಂಶಗಳು ಶೂನ್ಯ ಡಿಗ್ರಿ ಎಂದು ಎಣಿಸುವುದು ಸಾಮಾನ್ಯವಾಗಿ ಬಲಗಡೆಯನ್ನು. ಪರದೆಯಲ್ಲಿ ಅಳತೆ ಮೇಲಿನಿಂದ ಕೆಳಕ್ಕೆ ಹೋಗುವುದರಿಂದ ಕೋನ ಗಡಿಯಾರದ ಮುಳ್ಳಿನಂತೆ ಬೆಳೆಯುತ್ತದೆ: ಕೆಳಕ್ಕೆ 90, ಎಡಕ್ಕೆ 180. ಉತ್ತರ ಮೇಲಿರುವ ನಕ್ಷೆಯಲ್ಲಿ ನೈಋತ್ಯ ಎಂದರೆ 135. ಆದ್ದರಿಂದ ಬಸ್ಸನ್ನೋ ಕುರಿಯನ್ನೋ ಬರೆಯುವಾಗಲೇ ಮೂತಿ ಬಲಕ್ಕೆ ಇರಲಿ. ಜಾಲಪುಟಗಳಲ್ಲಿ ಬಳಸುವ ಎಸ್‌ವಿಜಿ ಚಿತ್ರಗಳು ಇದನ್ನೇ ನಿರೀಕ್ಷಿಸುತ್ತವೆ. ಮಕ್ಕಳ ಸ್ಕ್ರ್ಯಾಚ್ ತಂತ್ರಾಂಶದಲ್ಲಿ ಬಲಗಡೆಗೆ 90 ಎಂಬ ಹೆಸರಿದ್ದರೂ ಅಲ್ಲೂ ಗೊಂಬೆ ಹುಟ್ಟುವಾಗ ನೋಡುವುದು ಬಲಕ್ಕೇ. ಶಾಲೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಪವರ್‌ಪಾಯಿಂಟ್ ಮಾತ್ರ ಚಿತ್ರವನ್ನು ಪಥದಲ್ಲಿ ಜಾರಿಸುತ್ತದೆ, ತಾನಾಗಿ ತಿರುಗಿಸುವುದಿಲ್ಲ. ಬಸ್ಸು ತಿರುವಿನಲ್ಲೂ ಮೊದಲಿನ ದಿಕ್ಕಿಗೇ ಮುಖ ಮಾಡಿ ಏಡಿಯಂತೆ ಅಡ್ಡಡ್ಡ ಸರಿಯುತ್ತದೆ. ಅದಕ್ಕೆ ಸುತ್ತುವ ಪರಿಣಾಮವನ್ನು ಪ್ರತ್ಯೇಕವಾಗಿ ಸೇರಿಸಿ, ಎರಡರ ಕಾಲವನ್ನೂ ಹೊಂದಿಸಬೇಕು.

ತಿರುಗಬೇಕು ಎಂದಾಯಿತು. ಯಾವ ಬಿಂದುವಿನ ಸುತ್ತ? ಇಡೀ ಕೆಲಸದಲ್ಲಿ ನನಗೆ ಅತ್ಯಂತ ರುಚಿಯ ಪ್ರಶ್ನೆ ಇದು. ತಂತ್ರಾಂಶ ತಾನಾಗಿ ಆರಿಸುವುದು ಚಿತ್ರದ ನಡುಮಧ್ಯವನ್ನು. ಬಸ್ಸಿನ ವಿಷಯದಲ್ಲಿ ಅದು ತಪ್ಪು. ಬಸ್ಸಿನ ಮುಂದಿನ ಗಾಲಿಗಳು ಹೊರಳುತ್ತವೆ, ಹಿಂದಿನವು ಹೊರಳುವುದಿಲ್ಲ. ಗಾಲಿ ತನ್ನ ಅಡ್ಡಕ್ಕೆ ಜಾರುವುದಿಲ್ಲ, ಹೀಗಾಗಿ ಹಿಂದಿನ ಅಚ್ಚಿನ ನಡುಬಿಂದು ಯಾವಾಗಲೂ ಬಸ್ಸು ಮುಖ ಮಾಡಿದ ದಿಕ್ಕಿಗೇ ಚಲಿಸಬೇಕು. ಇಡೀ ಬಸ್ಸಿನಲ್ಲಿ ಈ ಗುಣವಿರುವುದು ಆ ಅಚ್ಚಿಗೆ ಮಾತ್ರ. ಆದ್ದರಿಂದ ಪಥಕ್ಕೆ ಕಟ್ಟಬೇಕಾದದ್ದು ಅದನ್ನೇ. ಹಾಗೆ ಕಟ್ಟಿದಾಗ ತಿರುವಿನಲ್ಲಿ ಬಸ್ಸಿನ ಮೂತಿ ತಾನಾಗಿ ಹೊರಕ್ಕೆ ಬೀಸಿಕೊಳ್ಳುತ್ತದೆ, ಬಸ್ ನಿಲ್ದಾಣದ ಮೂಲೆಯಲ್ಲಿ ನಿಂತವರು ದಿನವೂ ನೋಡುವಂತೆ. ಹಿಂದಿನ ಅಚ್ಚು 10 ಮೀಟರ್ ತ್ರಿಜ್ಯದ ವೃತ್ತದಲ್ಲಿ ಹೋಗುತ್ತಿದೆ, ಎರಡು ಅಚ್ಚುಗಳ ನಡುವೆ 5.5 ಮೀಟರ್ ಅಂತರವಿದೆ ಎಂದಿಟ್ಟುಕೊಂಡರೆ, ಪೈಥಾಗೊರಸ್ ಪ್ರಮೇಯದ ಪ್ರಕಾರ ಮುಂದಿನ ಅಚ್ಚಿನ ತ್ರಿಜ್ಯ ಸುಮಾರು 11.4 ಮೀಟರ್. ಅಂದರೆ ಹಿಂದಿನ ಗಾಲಿಗಳು ಮುಂದಿನವಕ್ಕಿಂತ ಸುಮಾರು ಒಂದೂವರೆ ಮೀಟರಿನಷ್ಟು ಒಳಗಿನಿಂದ ಹೋಗುತ್ತವೆ. ಮೂಲೆಯಲ್ಲಿ ನಿಲ್ಲಿಸಿದ ಸೈಕಲ್ಲಿಗೆ ಬಸ್ಸಿನ ಮೂತಿ ತಾಗದಿದ್ದರೂ ಹಿಂಗಾಲಿ ತಾಗುವುದು ಈ ಒಂದೂವರೆ ಮೀಟರಿನಿಂದ.

ಚಕ್ಕಡಿಯಲ್ಲಿ ಇದೇ ಸಂಗತಿ ಇನ್ನೂ ಸೊಗಸು. ಅಲ್ಲಿ ಪಥ ಎರಡು. ಎತ್ತುಗಳು ತಮ್ಮ ದಾರಿಯಲ್ಲಿ ಹೋಗುತ್ತವೆ, ಅಚ್ಚು ನೊಗವನ್ನು ಹಿಂಬಾಲಿಸುತ್ತದೆ. ನೊಗದಿಂದ ಅಚ್ಚಿನವರೆಗಿನ ಉದ್ದ ಬದಲಾಗದು, ಅಚ್ಚು ಚಲಿಸುವುದು ನೊಗದ ದಿಕ್ಕಿಗೇ. ಎತ್ತುಗಳು ಥಟ್ಟನೆ ಪಕ್ಕದ ರಸ್ತೆಗೆ ಹೊರಳಿ ನೇರ ನಡೆದರೂ ಗಾಲಿ ಥಟ್ಟನೆ ಹೊರಳುವುದಿಲ್ಲ, ನಿಧಾನ ಬಾಗುತ್ತ ಬಾಗುತ್ತ ಅವುಗಳ ಗೆರೆಗೆ ಹತ್ತಿರವಾಗುತ್ತದೆ. ಮಣ್ಣಿನ ಮೇಲೆ ಗಾಲಿ ಬಿಟ್ಟುಹೋಗುವ ಈ ಗೆರೆಯ ಪ್ರಶ್ನೆಯನ್ನು 1670ರ ದಶಕದಲ್ಲಿ ಪ್ಯಾರಿಸ್ಸಿನ ಕ್ಲೋಡ್ ಪೆರೋ ಗಣಿತಜ್ಞರ ಮುಂದಿಟ್ಟದ್ದು ಮೇಜಿನ ಮೇಲೆ ತನ್ನ ಜೇಬುಗಡಿಯಾರವನ್ನಿಟ್ಟು, ಅದರ ಸರಪಳಿಯ ತುದಿಯನ್ನು ಅಂಚಿನ ಗುಂಟ ಎಳೆದು. ಲೈಬ್ನಿಜ್ ಮತ್ತು ಹಯ್ಗೆನ್ಸ್ ಉತ್ತರ ಕಂಡುಹಿಡಿದರು. ಟ್ರಾಕ್ಟ್ರಿಕ್ಸ್ ಎಂದು ಇವತ್ತು ಗಣಿತದ ಪುಸ್ತಕಗಳಲ್ಲಿರುವ ಈ ವಕ್ರರೇಖೆ ಹುನಗುಂದ ತಾಲ್ಲೂಕಿನ ಎರೆಹೊಲಗಳ ದಾರಿಗಳಲ್ಲಿ ಅದಕ್ಕೂ ಎಷ್ಟೋ ಶತಮಾನ ಮೊದಲೇ ಮೂಡುತ್ತಿತ್ತು.

ಅನಿಮೇಶನ್ನಿನಲ್ಲಿ ಇದನ್ನು ಬರೆಯಲು ಕಲನಶಾಸ್ತ್ರ ಬೇಡ. ಪ್ರತಿ ಚೌಕಟ್ಟಿನಲ್ಲಿ ನೊಗವನ್ನು ಅದರ ಪಥದಲ್ಲಿ ಒಂದು ಹೆಜ್ಜೆ ಮುಂದಿಡಿ. ಹೊಸ ನೊಗದಿಂದ ಹಳೆಯ ಅಚ್ಚಿಗೆ ಒಂದು ನೇರ ಗೆರೆ ಎಳೆಯಿರಿ. ಆ ಗೆರೆಯ ಮೇಲೆ, ನೊಗದಿಂದ ಚಕ್ಕಡಿಯ ಉದ್ದದಷ್ಟು ದೂರದಲ್ಲಿ ಹೊಸ ಅಚ್ಚನ್ನು ಇಡಿ. ಇಷ್ಟೇ. ಇದನ್ನೇ ಮತ್ತೆ ಮತ್ತೆ ಮಾಡಿದರೆ ಗಾಲಿಯ ಜಾಡು ತಾನಾಗಿ ಬರುತ್ತದೆ. ಕಬ್ಬಿನ ಹಂಗಾಮಿನಲ್ಲಿ ಬಾಗಲಕೋಟೆ ಜಿಲ್ಲೆಯ ರಸ್ತೆಗಳಲ್ಲಿ ಎರಡು ಟ್ರೇಲರ್ ಕಟ್ಟಿಕೊಂಡು ಹೋಗುವ ಟ್ರ್ಯಾಕ್ಟರಿಗೂ ಇದೇ ಲೆಕ್ಕ, ಎರಡು ಸಲ. ಮೊದಲ ಟ್ರೇಲರ್ ಟ್ರ್ಯಾಕ್ಟರನ್ನು ಹಿಂಬಾಲಿಸುತ್ತದೆ, ಎರಡನೆಯದು ಮೊದಲನೆಯದನ್ನು. ಸಾಮಾನ್ಯವಾಗಿ ಎರಡನೆಯದು ತಿರುವಿನಲ್ಲಿ ಇನ್ನಷ್ಟು ಒಳಕ್ಕೆ ಸರಿಯುತ್ತದೆ. ಒಂದೇ ಪಥಕ್ಕೆ ಮೂರನ್ನೂ ಕಟ್ಟಿ ಓಡಿಸಿದರೆ ಅವು ಹಳಿಯ ಮೇಲಿನ ರೈಲಿನಂತೆ ಕಾಣುತ್ತವೆ. ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಬೈಕಿನಲ್ಲಿ ಸಾಗಿದ ಯಾರಿಗೂ ಅದು ನಂಬಿಕೆ ಹುಟ್ಟಿಸದು.

ನೆರಳಿನ ವಿಷಯದಲ್ಲಿ ಮಾತ್ರ ನಾನು ಹಟಮಾರಿ. ಎತ್ತರ ಅಳಿಸಿಹೋದ ಚಿತ್ರದಲ್ಲಿ ಎತ್ತರವನ್ನು ಹೇಳಲು ಉಳಿದಿರುವುದು ನೆರಳೊಂದೇ. ಹೀಗಾಗಿ ಬಸ್ಸಿನ ಕೆಳಬದಿಗೆ ಒಂದು ಕಪ್ಪು ನೆರಳು ಬಳಿದು, ಬಸ್ಸಿನೊಂದಿಗೆ ಅಂಟಿಸಿಬಿಡುವುದು ಎಲ್ಲರಿಗೂ ಸುಲಭದ ದಾರಿ. ಬಸ್ಸು ತಿರುಗಿದೊಡನೆ ನೆರಳೂ ತಿರುಗುತ್ತದೆ, ಅಂದರೆ ಸೂರ್ಯ ಬಸ್ಸಿನ ಸುತ್ತ ಸುತ್ತಿದಂತಾಯಿತು. ನೋಡುವವರು ಇದನ್ನು ಮಾತಿನಲ್ಲಿ ಹೇಳಲಾರರು, ಏನೋ ಸರಿಯಿಲ್ಲ ಎಂದಷ್ಟೇ ಅನ್ನಿಸುತ್ತದೆ. ಭಾರತ ಮೂಲದ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ 1988ರಲ್ಲಿ ತೋರಿಸಿದಂತೆ, ಉಬ್ಬು ತಗ್ಗುಗಳನ್ನು ಓದುವಾಗ ನಮ್ಮ ಮಿದುಳು ಇಡೀ ದೃಶ್ಯಕ್ಕೆ ಒಂದೇ ಬೆಳಕಿದೆ, ಅದೂ ಮೇಲಿನಿಂದ ಬೀಳುತ್ತಿದೆ ಎಂದು ಎಣಿಸುತ್ತದೆ. ಲಕ್ಷಾಂತರ ವರ್ಷ ಒಂದೇ ಸೂರ್ಯನ ಕೆಳಗೆ ಬಾಳಿದ ಕಣ್ಣಿನ ಅಭ್ಯಾಸ ಇದು. ಆದ್ದರಿಂದ ನೆರಳನ್ನು ಬೇರೆಯೇ ಪದರದಲ್ಲಿಡಿ. ಚಿತ್ರದ ಜೊತೆ ಅದರ ಆಕಾರ ತಿರುಗಲಿ, ಆದರೆ ಅದು ಸರಿದು ಬೀಳುವ ದಿಕ್ಕು ಎಲ್ಲ ವಸ್ತುಗಳಿಗೂ ಒಂದೇ ಇರಲಿ.

ಯಾವ ದಿಕ್ಕು? ನಕ್ಷೆ ಬರೆಯುವವರು ಬೆಟ್ಟಗಳಿಗೆ ಬೆಳಕನ್ನು ಎಡ ಮೇಲಿನ ಮೂಲೆಯಿಂದ, ಅಂದರೆ ವಾಯವ್ಯದಿಂದ ಬೀಳಿಸುತ್ತಾರೆ. ಯುರೋಪಿನಲ್ಲಿ ಅಂಥ ಬಿಸಿಲು ಬೀಳುವುದು ಅಪರೂಪ, ಆದರೂ ನಮ್ಮ ಕಣ್ಣಿಗೆ ಉಬ್ಬು ಉಬ್ಬಾಗಿ ಕಾಣುವುದು ಆಗಲೇ. ಉತ್ತರ ಮೇಲಿಟ್ಟು ನೋಡುವ ಉಪಗ್ರಹ ಚಿತ್ರಗಳಲ್ಲಿ ಬಿಸಿಲು ಆಗ್ನೇಯದಿಂದ ಬಿದ್ದಿದ್ದರೆ ಬೆಟ್ಟ ಕಣಿವೆಯಂತೆಯೂ ಕಣಿವೆ ಬೆಟ್ಟದಂತೆಯೂ ಕಾಣುವುದುಂಟು. ಬಾದಾಮಿಯ ಬಂಡೆಗಳ ಉಪಗ್ರಹ ಚಿತ್ರ ನೋಡುವಾಗ ಹಾಗನ್ನಿಸಿದರೆ ಚಿತ್ರವನ್ನು ತಲೆಕೆಳಗು ಮಾಡಿ ನೋಡಿ, ಬೆಟ್ಟ ಮತ್ತೆ ಬೆಟ್ಟವಾಗುತ್ತದೆ. ಅಮೀನಗಡ ಇರುವುದು ಉತ್ತರ ಅಕ್ಷಾಂಶ 16 ಡಿಗ್ರಿಯ ಆಸುಪಾಸಿನಲ್ಲಿ, ಅಂದರೆ ಕರ್ಕಾಟಕ ವೃತ್ತದ ಒಳಗೆ. ಹಾಗಾಗಿ ವರ್ಷಕ್ಕೆ ಎರಡು ಸಲ, ಮೇ ಮೊದಲ ವಾರದಲ್ಲಿ ಮತ್ತು ಆಗಸ್ಟ್ 8ರ ಸುಮಾರಿಗೆ, ನಡುಮಧ್ಯಾಹ್ನ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಆ ಹೊತ್ತಿನಲ್ಲಿ ನೆಟ್ಟಗೆ ನಿಂತ ಕಂಬಕ್ಕೆ ನೆರಳಿಲ್ಲ. ಆ ಎರಡು ದಿನಗಳ ನಡುವಿನ ಮಧ್ಯಾಹ್ನಗಳಲ್ಲಿ ಸೂರ್ಯ ಊರಿನ ಉತ್ತರಕ್ಕಿರುತ್ತಾನೆ, ನೆರಳು ದಕ್ಷಿಣಕ್ಕೆ, ಅಂದರೆ ನಮ್ಮ ಪರದೆಯ ಕೆಳಬದಿಗೆ ಬೀಳುತ್ತದೆ. ಜೂನ್ ತಿಂಗಳ ಮಧ್ಯಾಹ್ನ ದಾಟಿದ ಹೊತ್ತನ್ನು ಆರಿಸಿಕೊಂಡರೆ ಬಿಸಿಲು ವಾಯವ್ಯದ ಕಡೆಯಿಂದಲೇ ಬರುತ್ತದೆ. ನಕ್ಷೆಗಾರರು ಕಣ್ಣಿಗಾಗಿ ಕಲ್ಪಿಸಿಕೊಂಡ ಬೆಳಕು ಅಮೀನಗಡದಲ್ಲಿ ನಿಜವಾಗಿಯೂ ಬೀಳುತ್ತದೆ.

ಪಥದ ಗೆರೆಯನ್ನು ಎಳೆಯಲು ಇವತ್ತಿನ ತಂತ್ರಾಂಶಗಳಲ್ಲೆಲ್ಲ ಇರುವ ಬೆಜಿಯೆ ವಕ್ರರೇಖೆ ಹುಟ್ಟಿದ್ದು ಫ್ರಾನ್ಸಿನ ಕಾರು ಕಾರ್ಖಾನೆಗಳಲ್ಲಿ. ಸಿಟ್ರೋಯನ್‌ನಲ್ಲಿದ್ದ ಪಾಲ್ ದ ಕಾಸ್ಟೆಲ್ಜೊ 1959ರಲ್ಲೇ ಅದರ ಲೆಕ್ಕ ಕಂಡುಕೊಂಡಿದ್ದರೂ ಕಂಪನಿ ಅದನ್ನು ಗುಟ್ಟಾಗಿಟ್ಟಿತು. ರೆನೋದ ಪಿಯರ್ ಬೆಜಿಯೆ 1960ರ ದಶಕದಲ್ಲಿ ಪ್ರಕಟಿಸಿದ್ದರಿಂದ ಅವರ ಹೆಸರೇ ನಿಂತಿತು. ನಾಲ್ಕು ಬಿಂದುಗಳಿಂದ ನಯವಾದ ಬಾಗು ಸಿಗುತ್ತದೆ, ಆದರೆ ಒಂದು ಎಚ್ಚರ ಬೇಕು. ಸೂತ್ರದೊಳಗಿನ ಕಾಲವನ್ನು ಸಮಭಾಗ ಮಾಡಿದರೆ ಗೆರೆಯ ಮೇಲಿನ ದೂರ ಸಮಭಾಗವಾಗುವುದಿಲ್ಲ. ಬಿಂದುಗಳು ಒತ್ತಾಗಿರುವ ಕಡೆ ಬಸ್ಸು ತೆವಳುತ್ತದೆ, ದೂರವಿರುವ ಕಡೆ ನುಗ್ಗುತ್ತದೆ. ಒಳ್ಳೆಯ ತಂತ್ರಾಂಶ ಗೆರೆಯ ಉದ್ದವನ್ನು ಮೊದಲೇ ಅಳೆದುಕೊಂಡು ಹೆಜ್ಜೆ ಇಡುತ್ತದೆ. ನೀವೇ ಪ್ರೋಗ್ರಾಂ ಬರೆಯುವುದಾದರೆ ಅಳತೆಯ ಕೆಲಸ ನಿಮ್ಮದೇ.

ವೇಗವನ್ನು ಅಂಕಿಯಲ್ಲಿ ನೋಡಿಕೊಳ್ಳುವುದು ಒಳ್ಳೆಯದು. ಗಂಟೆಗೆ 40 ಕಿಲೋಮೀಟರ್ ವೇಗದ ಬಸ್ಸು ಸೆಕೆಂಡಿಗೆ 11 ಮೀಟರ್ ದಾಟುತ್ತದೆ. ಸೆಕೆಂಡಿಗೆ 25 ಚೌಕಟ್ಟಿನ ಚಿತ್ರದಲ್ಲಿ, ಮೀಟರಿಗೆ 20 ಪಿಕ್ಸೆಲ್ಲಿನ ನಮ್ಮ ಪರದೆಯಲ್ಲಿ, ಅದು ಪ್ರತಿ ಚೌಕಟ್ಟಿಗೆ ಸುಮಾರು 9 ಪಿಕ್ಸೆಲ್ ಸರಿಯಬೇಕು. ಸೆಕೆಂಡಿಗೆ ಒಂದು ಮೀಟರ್ ನಡೆಯುವ ಕುರಿ ಸರಿಯುವುದು 0.8 ಪಿಕ್ಸೆಲ್ ಮಾತ್ರ. ತಂತ್ರಾಂಶ ಕುರಿಯ ಸ್ಥಾನವನ್ನು ಪೂರ್ಣ ಪಿಕ್ಸೆಲ್ಲಿಗೆ ಸರಿಹೊಂದಿಸಿಬಿಟ್ಟರೆ ಕುರಿ ನಾಲ್ಕು ಹೆಜ್ಜೆ ಇಟ್ಟು ಒಂದು ಹೆಜ್ಜೆ ತಡೆದು, ಮತ್ತೆ ನಾಲ್ಕು ಇಟ್ಟು ತಡೆದು ಕುಂಟುತ್ತದೆ. ನಿಧಾನ ಚಲಿಸುವ ವಸ್ತುವಿನ ಅಂಚುಗಳು ಮೆತ್ತಗಿರಬೇಕು, ಪಿಕ್ಸೆಲ್ಲಿನ ಒಂದು ಭಾಗವನ್ನು ಅರ್ಧ ಬಣ್ಣದಲ್ಲಿ ತೋರಿಸುವಂತಿರಬೇಕು. ಆದ್ದರಿಂದಲೇ ಕುರಿಯ ಮೈಸುತ್ತ ಕಡುಗಪ್ಪು ಗೆರೆ ಎಳೆಯಬೇಡಿ.

ಹಿಂಡಿನ ವಿಷಯಕ್ಕೆ ಬಂದರೆ ಪ್ರತಿ ಕುರಿಗೂ ಒಂದೊಂದು ಗೆರೆ ಎಳೆಯುವ ದಾರಿ ಸೋಲುತ್ತದೆ. 1986ರಲ್ಲಿ ಅಮೆರಿಕದ ಕ್ರೇಗ್ ರೆನಾಲ್ಡ್ಸ್ ಹಕ್ಕಿಗಳ ಹಿಂಡಿಗಾಗಿ ಮಾಡಿದ ಬಾಯ್ಡ್ಸ್ ಎಂಬ ಪ್ರೋಗ್ರಾಂನಲ್ಲಿ ಹಿಂಡಿಗೆ ನಾಯಕನಿಲ್ಲ, ಪಥವೂ ಇಲ್ಲ. ಪ್ರತಿಯೊಂದೂ ತನ್ನ ಸುತ್ತಲಿನವನ್ನು ಮಾತ್ರ ನೋಡಿ ಮೂರು ಕೆಲಸ ಮಾಡುತ್ತದೆ: ತೀರ ಹತ್ತಿರ ಬಂದವರಿಂದ ದೂರ ಸರಿ, ಸುತ್ತಲಿನವರು ಹೋಗುವ ದಿಕ್ಕಿಗೇ ಹೊರಳು, ಅವರ ನಡುವಿಗೆ ಬಾ. ಇಷ್ಟರಿಂದಲೇ ಹಿಂಡು ಒಡೆಯುತ್ತದೆ, ಮತ್ತೆ ಕೂಡುತ್ತದೆ. 1992ರ ಬ್ಯಾಟ್‌ಮನ್ ಸಿನಿಮಾದ ಬಾವಲಿಗಳು ಹಾರಿದ್ದು ಈ ನಿಯಮಗಳಿಂದ. ಸಂತೆಯ ಕುರಿಗಳಿಗೆ ನಾಲ್ಕನೆಯದೊಂದನ್ನು ಸೇರಿಸಿದರೆ ಸಾಕು: ಕುರಿಗಾರ ಹತ್ತಿರ ಬಂದರೆ ಅವನಿಂದ ದೂರ ಹೋಗು.

ಆಗ ಗೆರೆ ಎಳೆಯಬೇಕಾದದ್ದು ಕುರಿಗಾರ ಒಬ್ಬನಿಗೆ. ಅವನ ಪಥ ಹೇಗಿರಬೇಕು? ಹಿಂಡಿನ ಹಿಂದೆ ನೇರ ನಡೆದರೆ ಹಿಂಡು ಇಬ್ಭಾಗವಾಗುತ್ತದೆ. 2014ರಲ್ಲಿ ಡೇನಿಯಲ್ ಸ್ಟ್ರಾಂಬಮ್ ಮತ್ತು ಸಂಗಡಿಗರು ಕುರಿಗಳಿಗೂ ಅವನ್ನು ಅಟ್ಟುವ ನಾಯಿಗೂ ಜಿಪಿಎಸ್ ಕಟ್ಟಿ ನೋಡಿ, ಕುರಿ ಕಾಯುವ ವಿದ್ಯೆಯನ್ನು ಎರಡೇ ಕೆಲಸಕ್ಕೆ ಇಳಿಸಿದರು: ಕುರಿಗಳು ಚದುರಿದ್ದರೆ ಅತಿ ದೂರದ ಕುರಿಯ ಹಿಂದೆ ಹೋಗಿ ಅದನ್ನು ಒಳಕ್ಕೆ ತಳ್ಳು, ಒಟ್ಟಾಗಿದ್ದರೆ ಹಿಂಡಿನ ಹಿಂದೆ ಬಂದು ಮುಂದಕ್ಕೆ ನೂಕು. ಈ ಎರಡರ ನಡುವೆ ಓಡಾಡುವಾಗ ಹಿಂಡಿನ ಬೆನ್ನಿಗೆ ಎಡಕ್ಕೂ ಬಲಕ್ಕೂ ತೂಗುವ ಒಂದು ಅಂಕುಡೊಂಕು ದಾರಿ ತಾನಾಗಿ ಮೂಡುತ್ತದೆ. ಹಿಂಡು ಹೊಡೆದುಕೊಂಡು ಬರುವ ನಮ್ಮ ಕುರಿಗಾರ, ಕೈಯಲ್ಲಿ ಬಡಿಗೆ ಹಿಡಿದು ಒಮ್ಮೆ ಆ ಬದಿಗೆ ಒಮ್ಮೆ ಈ ಬದಿಗೆ ಹೋಗುತ್ತ ಬರೆಯುವ ಜಾಡೂ ಅದೇ. ಆ ಅಂಕುಡೊಂಕು ಇಲ್ಲದಿದ್ದರೆ ಪಟಕವನ್ನು ಎಷ್ಟು ಚೆನ್ನಾಗಿ ಬರೆದರೂ ಅವನು ಕುರಿಗಾರ ಆಗುವುದಿಲ್ಲ, ಅದೇ ದಾರಿಯಲ್ಲಿ ಹೊರಟಿದ್ದ ಯಾರೋ ಒಬ್ಬನಾಗುತ್ತಾನೆ.

ಕೊನೆಯ ದೃಶ್ಯ ಐಹೊಳೆ. ದುರ್ಗ ದೇವಾಲಯ ಏಕೆ ಬೇರೆಯದು ಎಂಬುದು ಎದುರು ನಿಂತಾಗ ಅಷ್ಟು ತಿಳಿಯದು, ಮೇಲಿನಿಂದ ನೋಡಿದರೆ ತಟ್ಟನೆ ತಿಳಿಯುತ್ತದೆ. ಬಾದಾಮಿ ಚಾಲುಕ್ಯರ ಕಾಲದ ಈ ಕಟ್ಟಡದ ಮುಂಬದಿ ಪೂರ್ವಕ್ಕೆ ನೇರ, ಹಿಂಬದಿ ಪಶ್ಚಿಮಕ್ಕೆ ಅರ್ಧವೃತ್ತ, ಆನೆಯ ಬೆನ್ನಿನಂತೆ ಎಂದು ಶಾಸ್ತ್ರದಲ್ಲಿ ಗಜಪೃಷ್ಠ ಎಂಬ ಹೆಸರು. ಹೊರಸುತ್ತಿನ ಕಂಬಸಾಲಿನ ಒಳಗೆ ಪ್ರದಕ್ಷಿಣೆಯ ಓಣಿ ಇದೆ. ದೇವರು ಬಲಕ್ಕೆ ಇರಬೇಕಾದ್ದರಿಂದ, ಪೂರ್ವದಿಂದ ಬಂದವರು ದಕ್ಷಿಣದ ಓಣಿಯಲ್ಲಿ ಪಶ್ಚಿಮಕ್ಕೆ ನಡೆದು, ಅರ್ಧವೃತ್ತದಲ್ಲಿ ಸುತ್ತಿ, ಉತ್ತರದ ಓಣಿಯಲ್ಲಿ ಮರಳುತ್ತಾರೆ. ಮೇಲಿನಿಂದ ಗಡಿಯಾರದ ಮುಳ್ಳಿನ ದಿಕ್ಕು. ಎರಡು ನೇರ ಗೆರೆ, ನಡುವೆ ಒಂದು ಅರ್ಧವೃತ್ತ: ಇದಕ್ಕಿಂತ ಸರಳ ಚಲನಪಥ ಇನ್ನೊಂದಿಲ್ಲ.

ಆದರೂ ಹಾಗೇ ಓಡಿಸಿ ನೋಡಿದರೆ ಅರ್ಧವೃತ್ತ ಶುರುವಾಗುವ ಕಡೆ ಒಂದು ಕುಲುಕು ಕಾಣುತ್ತದೆ. ಗೆರೆ ಎಲ್ಲೂ ಮುರಿದಿಲ್ಲ, ಆದರೆ ತಿರುಗುವ ವೇಗ ಮುರಿದಿದೆ. ನೇರ ಓಣಿಯಲ್ಲಿ ಅದು ಸೊನ್ನೆ. ಅರ್ಧವೃತ್ತದ ತ್ರಿಜ್ಯ 6 ಮೀಟರ್ ಎಂದಿಟ್ಟುಕೊಂಡರೆ, ಸೆಕೆಂಡಿಗೆ ಒಂದು ಮೀಟರ್ ನಡೆಯುವವರು ಒಮ್ಮೆಲೇ ಸೆಕೆಂಡಿಗೆ ಒಂಬತ್ತೂವರೆ ಡಿಗ್ರಿಯಂತೆ ತಿರುಗತೊಡಗುತ್ತಾರೆ. ರೈಲುಹಳಿ ಹಾಕುವವರು ನೇರ ಹಳಿಗೂ ವೃತ್ತದ ಹಳಿಗೂ ನಡುವೆ ನಿಧಾನವಾಗಿ ಬಿಗಿಯಾಗುತ್ತ ಹೋಗುವ ಒಂದು ಸಂಕ್ರಮಣದ ಬಾಗನ್ನು ಇಡುವುದು ಈ ಕುಲುಕನ್ನು ತಪ್ಪಿಸಲೆಂದೇ. ಕಲ್ಲಿನ ಓಣಿಯಲ್ಲಿ ಅಂಥ ಬಾಗು ಇಲ್ಲ. ನಡೆಯುವ ಮನುಷ್ಯ ಅದನ್ನು ತನ್ನ ಮೈಯಲ್ಲೇ ಮಾಡಿಕೊಳ್ಳುತ್ತಾನೆ.

ಹೇಗೆಂದರೆ, ತಿರುವಿನಲ್ಲಿ ಮನುಷ್ಯನ ತಲೆ ಮೊದಲು ಹೊರಳುತ್ತದೆ, ಹೆಗಲು ಆಮೇಲೆ. 1990ರ ದಶಕದಲ್ಲಿ ಅಲೆನ್ ಬರ್ಥೋಜ್ ಅವರ ಪ್ಯಾರಿಸ್ಸಿನ ಪ್ರಯೋಗಾಲಯದಲ್ಲಿ ನಡೆದ ಅಳತೆಗಳಲ್ಲಿ ತಲೆ ಸುಮಾರು ಸೆಕೆಂಡಿನ ಐದನೇ ಒಂದು ಭಾಗದಷ್ಟು ಮುಂಚಿತವಾಗಿ ಹೊಸ ದಿಕ್ಕಿಗೆ ತಿರುಗುವುದು ಕಂಡುಬಂತು. ಸೆಕೆಂಡಿಗೆ 25 ಚೌಕಟ್ಟಿನ ಲೆಕ್ಕದಲ್ಲಿ ಅದು ಐದು ಚೌಕಟ್ಟು. ಆದ್ದರಿಂದ ಯಾತ್ರಿಕನ ಚಿತ್ರವನ್ನು ಒಂದೇ ತುಂಡಾಗಿ ಬರೆಯದೆ ಎರಡಾಗಿ ಬರೆಯಬೇಕು. ಅಡ್ಡ ದೀರ್ಘವೃತ್ತ ಹೆಗಲು, ಅದರ ಮೇಲೆ ಮೂಗಿನ ಸಣ್ಣ ಚೂಪುಳ್ಳ ದುಂಡು ತಲೆ. ಎರಡೂ ಒಂದೇ ಪಥದಲ್ಲಿ, ಒಂದೇ ಬಿಂದುವಿನಲ್ಲಿ. ತಲೆ ತಿರುಗುವ ಕೋನವನ್ನು ಮಾತ್ರ ಪಥದಲ್ಲಿ ಐದು ಚೌಕಟ್ಟು ಮುಂದಿನಿಂದ ತೆಗೆದುಕೊಳ್ಳಿ, ಹೆಗಲಿನ ಕೋನವನ್ನು ನಾಲ್ಕೈದು ಚೌಕಟ್ಟುಗಳಿಗೆ ಹರಡಿ ಮೆತ್ತಗೆ ಮಾಡಿ. ಓಣಿಯ ಬಲಗೋಡೆಯ ಗೂಡುಗಳಲ್ಲಿ ದೊಡ್ಡ ಶಿಲ್ಪಗಳಿವೆ. ಪ್ರತಿ ಗೂಡಿನ ಮುಂದೆ ನಡಿಗೆ ತುಸು ನಿಧಾನವಾಗಲಿ, ತಲೆ ಬಲಕ್ಕೆ ಹೊರಳಲಿ, ಹೆಗಲು ಮುಂದಕ್ಕೇ ಇರಲಿ.